ಮೂರು ಪುಟದ ಫಾರ್ಮ್, ಒಂದು ಸಹಿ

ಮೊದಲು ಉರಿ. ಮೂತ್ರಕ್ಕೆ ಹೋದಾಗಲೆಲ್ಲ. ಬಿಸಿಲಿನಿಂದ ಇರಬೇಕು ಎಂದುಕೊಂಡು ಎರಡು ತಿಂಗಳು ಎಳನೀರು ಕುಡಿದೆ.

ಫಳ್ನೀರಿನ ಆಸ್ಪತ್ರೆಯ ಸರ್ಜನ್ ಎಳನೀರಿನ ವಿಷಯ ಎತ್ತಲೇ ಇಲ್ಲ. "ನಿಮಗೆ ಶುಗರ್ ಉಂಟು. ಮುಂದಿನ ಚರ್ಮ ಬಿಗಿಯಾಗಿದೆ, ಇನ್ಫೆಕ್ಷನ್ ಮತ್ತೆ ಮತ್ತೆ ಬರ್ತದೆ. ಸರ್ಕಮ್‌ಸಿಷನ್ ಮಾಡಬೇಕು, ಅಂದ್ರೆ ಆ ಚರ್ಮ ತೆಗೀಬೇಕು."

ನನಗೆ ನಲವತ್ತೊಂದು ವರ್ಷ.

ಕನ್ಸೆಂಟ್ ಫಾರ್ಮ್ ಮೂರು ಪುಟ. ಅಪ್ಪ ಕಾಗದ ಕಂಡಲ್ಲೆಲ್ಲ ಹೆಬ್ಬೆಟ್ಟು ಒತ್ತಿದವರು. ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವನು ನಾನೇ ಮೊದಲು. ಬಸ್ ಟಿಕೆಟಿನ ಹಿಂಬದಿಯನ್ನೂ ಓದುತ್ತೇನೆ. ಹನ್ನೊಂದು ಪ್ರಶ್ನೆ ಕೇಳಿದೆ. ನರ್ಸ್ ಗಡಿಯಾರ ನೋಡಿದರು. ಆಮೇಲೆ ಸಹಿ ಹಾಕಿದೆ.

ಆಪರೇಷನ್ ಆದ ಮರುದಿನ, ಪಣಂಬೂರಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಹಮೀದ್ ಎರಡು ಮೆತ್ತನೆಯ ಲುಂಗಿ ತಂದ.

"ಮುಂದಿನಿಂದ ಎತ್ತಿ ಹಿಡಿದು ನಡಿ ಮಾರಾಯ. ನಾಚಿಕೆ ಬಿಡು."

ವಾರವಿಡೀ ಹಾಲ್‌ನಲ್ಲಿ ಹೊಳೆ ದಾಟುವವನಂತೆ ನಡೆದೆ.

"ನಿನಗೆ ಕೇಳಿಯಾದ್ರೂ ಮಾಡಿದ್ರು," ಎಂದ ಹಮೀದ್. "ನನಗೆ ಆಗ ಆರು ವರ್ಷ. ಹೊಸ ಅಂಗಿ ಕೊಟ್ರು, ಅಷ್ಟೆ."

"ಅಪ್ಪನ ಮೇಲೆ ಸಿಟ್ಟು ಉಂಟಾ?"

"ಇಲ್ಲ. ಅದು ನಮ್ಮ ನಂಬಿಕೆ. ಮಗನಿಗೂ ಮಾಡಿಸಿದ್ದೇನೆ. ಆದ್ರೆ ಅವನು ಒಂದು ದಿನ ಕೇಳಿದ್ರೆ ನಾನೇ ಉತ್ತರ ಕೊಡಬೇಕಲ್ಲ."

ಚೆಕಪ್‌ಗೆ ಅಮ್ಮನೂ ಬಂದರು, ಸೊಂಟದಲ್ಲಿ ನನ್ನ ಎಂಟು ತಿಂಗಳ ಮಗ.

"ಡಾಕ್ಟ್ರೇ, ಇವನಿಗೂ ಈಗಲೇ ಮಾಡಿಬಿಡಿ. ಇವನಪ್ಪನ ಬೊಬ್ಬೆ ಕೇಳಿ ಸಾಕಾಯ್ತು."

"ಮಗುವಿಗೆ ಎಂತ ತೊಂದರೆ ಉಂಟಮ್ಮ?"

"ಎಂತದೂ ಇಲ್ಲ."

"ಮತ್ತೆ ಎಂತಕ್ಕೆ?" ಸರ್ಜನ್ ನನ್ನತ್ತ ಒಂದು ಫಾರ್ಮ್ ಸರಿಸಿದರು. "ನಿರ್ಧಾರ ನಿಮ್ದು. ಅವಸರ ಇಲ್ಲ. ಓದಿ ನೋಡಿ."

ಅದೇ ಮೂರು ಪುಟ. ರೋಗಿಯ ಸಹಿಯ ಕೆಳಗೆ ಪೋಷಕರ ಸಹಿಗೆ ಒಂದು ಗೆರೆ. ಪೆನ್ ತೆರೆದೆ. ನಾನು ಪಟ್ಟ ಪಾಡು ಇವನಿಗೆ ಬೇಡ ಎಂಬ ಆಸೆ ನನಗೂ ಇತ್ತು. ಆದರೆ ನನ್ನ ಮೈಯ ಬಗ್ಗೆ ಹನ್ನೊಂದು ಪ್ರಶ್ನೆ ಕೇಳಿದವನು, ಇಲ್ಲದ ಕಾಯಿಲೆಗಾಗಿ, ಇನ್ನೂ ಮಾತೇ ಬಾರದವನ ಮೈಯ ಬಗ್ಗೆ ಒಂದೂ ಕೇಳದೆ ಹೇಗೆ ಸಹಿ ಹಾಕಲಿ?

ಪೆನ್ ಮುಚ್ಚಿದೆ.

"ಇಷ್ಟು ಓದಿ ಎಂತ ಬಂತು?" ಎಂದರು ಅಮ್ಮ. "ಒಂದು ಸಹಿ ಹಾಕ್ಲಿಕ್ಕೆ ಆಗುದಿಲ್ಲ."

ಈಗ ಗಾಯ ಒಣಗಿದೆ. ಶುಗರ್ ಮಾತ್ರೆಯ ಮಾತು ಕೇಳುತ್ತಿದೆ, ಸದ್ಯಕ್ಕೆ. ಸಹಿಯಿಲ್ಲದ ಆ ಫಾರ್ಮ್ ನನ್ನ ಡಿಗ್ರಿ ಸರ್ಟಿಫಿಕೇಟಿನ ಫೈಲಿನಲ್ಲಿದೆ. ಅದರ ಒಂದು ಮೂಲೆಯನ್ನು ಮಗ ಅಂದೇ ಚೀಪಿ ಒದ್ದೆ ಮಾಡಿದ್ದ. ಉಳಿದದ್ದನ್ನು ದೊಡ್ಡವನಾದ ಮೇಲೆ ಓದಿಕೊಳ್ಳಲಿ.