ಎಕ್ಕಿಯ ಗಂಡ ಮಲಕಪ್ಪ

ಎರಡು ಸಲ ಹೆಂಡತಿ ಸತ್ತವನಿಗೆ ಮೂರನೆಯ ಹೆಣ್ಣು ಸುಲಭಕ್ಕೆ ಸಿಗುವುದಿಲ್ಲ. ಅವಳೂ ಉಳಿಯಲಾರಳೆಂಬ ಭಯ. ಅದಕ್ಕೆ ನಮ್ಮ ಕಡೆ ಒಂದು ಉಪಾಯವಿದೆ. ಮೊದಲು ಎಕ್ಕಿ ಗಿಡಕ್ಕೆ ತಾಳಿ ಕಟ್ಟಿಸಿ, ಆಮೇಲೆ ಆ ಗಿಡವನ್ನು ಅವನ ಕೈಯಿಂದಲೇ ಕಡಿಸಿಬಿಡುವುದು. ಸಾಯುವ ಪಾಳಿ ಗಿಡದ ಮೇಲೆ ಹೋಯಿತು, ಬರುವವಳು ನಾಲ್ಕನೆಯವಳು, ಬದುಕಿಕೊಳ್ಳುತ್ತಾಳೆ. ವಿಧಿಗೇ ಟೋಪಿ ಹಾಕುವ ಜನ ನಾವು!

ಹುನಗುಂದ ಸೀಮೆಯ ಮಲಕಪ್ಪನಿಗೂ ಹೀಗೇ ಮಾಡಿಸಿದರು. ಊರ ಹಿಂದಿನ ಬೋಳುಗುಡ್ಡದಲ್ಲಿ ಎಕ್ಕಿಗೆ ಅರಿಷಿಣ ಹಚ್ಚಿ ತಾಳಿ ಕಟ್ಟಿದ. ಕುಡುಗೋಲು ಕೈಗೆ ಬಂತು. ಒಂದೇಟು ಹಾಕಿದ್ದೇ ತಡ, ಗಿಡದಿಂದ ಬೆಳ್ಳಗೆ ಹಾಲು ಸುರಿಯಿತು. ಅವನ ಮೊದಲ ಹೆಂಡತಿ ಬಾಣಂತನದಲ್ಲಿ ಕೂಸಿನ ಬೆನ್ನಿಗೇ ತೀರಿದಾಗ ಅವಳ ಸೀರೆಯೂ ಹಾಲಿನಿಂದ ತೊಯ್ದಿತ್ತು. ಮಲಕಪ್ಪ ಕುಡುಗೋಲು ದೂರ ಒಗೆದ.

“ಹುಚ್ಚಪ್ಪಾ, ಅದು ಗಿಡ ಐತೋ! ಕಡಿ!” ಎಂದು ಅಕ್ಕ ಚಂದವ್ವ ಚೀರಿದಳು.

“ಇಬ್ಬರನ್ನ ಮಣ್ಣಾಗ ಇಟ್ಟೇನಿ ಯಕ್ಕಾ. ಇದನ್ನ ನನ್ನ ಕೈಲೆ ಕೊಲ್ಲೂದಿಲ್ಲ.”

ಮಲಕಪ್ಪನಿಗೆ ಗೊತ್ತುಮಾಡಿದ್ದ ಹೆಣ್ಣಿನ ತಂದೆ ಟವೆಲು ಕೊಡವಿ ಎದ್ದ. “ಗಿಡ ಇನ್ನೂ ಮುತ್ತೈದಿ ಐತಿ. ನನ್ನ ಮಗಳನ್ನ ಸವತಿ ಮ್ಯಾಲ ಕೊಡ್ಲೇನು?”

ನಗಬೇಡಿ, ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಮಲಕಪ್ಪನಿಗೆ ಮತ್ತೆ ಯಾರೂ ಹೆಣ್ಣು ಕೊಡಲಿಲ್ಲ.

ಅವನು ದಿನಾ ಗುಡ್ಡಕ್ಕೆ ಹೋಗತೊಡಗಿದ. ಎಕ್ಕಿಯನ್ನು ಆಡು ತಿನ್ನುವುದಿಲ್ಲ, ಅವನಿಗೂ ಗೊತ್ತು. ಆದರೆ ಹೆಂಡತಿಯ ಅಂಗಳಕ್ಕೆ ಕಂಡವರ ಆಡು ನುಗ್ಗಿದರೆ ಯಾವ ಗಂಡ ಸುಮ್ಮನಿರುತ್ತಾನೆ? ಆಡು ಅಟ್ಟಿದ, ಕೊಡಲಿ ಹಿಡಿದವರ ಜೊತೆ ಜಗಳಕ್ಕೆ ನಿಂತ. “ಹೆಂಡ್ತಿ ಆರಾಮ ಅದಾಳೇನ್ಲೇ?” ಎಂದು ಊರು ನಗುತ್ತಿತ್ತು, ಅವನೂ ನಗುತ್ತಿದ್ದ. ಮನೆಗೆ ಬಂದರೆ ಮಾತಿಗೊಂದು ನರಪಿಳ್ಳೆ ಇರಲಿಲ್ಲ.

ವರ್ಷಗಳು ಕಳೆದಂತೆ, ಕಡಿದುಹೋಗಿದ್ದ ಬೊಡ್ಡೆಗಳು ತಾವಾಗಿಯೇ ಚಿಗುರಿದವು. ಅಂಟು ಬಿಡುವ ದಿಂಡಲ, ಹಣ್ಣು ಬಿಡುವ ಬಾರಿ, ಕಾರಿ, ತುಗ್ಗಲಿ ಗಿಡಗಳು, ಯಾರೂ ನೆಟ್ಟಿದ್ದಲ್ಲ. ನವಿಲು ಬಂದವು. ಮಳೆನೀರು ಗುಡ್ಡದಲ್ಲೇ ಇಂಗಿ, ಕೆಳಗಿನ ಬಾವಿ ಬೇಸಿಗೆಯಲ್ಲೂ ಬತ್ತುವುದನ್ನು ಬಿಟ್ಟಿತು. ಅಷ್ಟರಲ್ಲಿ ಎಕ್ಕಿ ಮುಪ್ಪಾಗಿ ಒಣಗಿತು. ಮಲಕಪ್ಪ ಅದನ್ನು ಅಲ್ಲೇ ಹೂಳಿ, ಒಬ್ಬನೇ ಕೂತು ಅತ್ತ. ಆ ದಿನ ಒಲೆ ಹಚ್ಚಲಿಲ್ಲ.

ಹೋದ ವರ್ಷ ಗ್ರಾನೈಟ್ ಖಣಿಯ ಒಡಕಲ್ಲನ್ನು ಆ ಗುಡ್ಡದಲ್ಲಿ ಸುರಿಯುವ ಮಾತು ಬಂತು. ಗುಡ್ಡ ಹೋದರೆ ಮಲಕಪ್ಪನಿಗೆ ತನ್ನದೆನ್ನಲು ಏನೂ ಉಳಿಯುತ್ತಿರಲಿಲ್ಲ. ಊರ ಸಭೆಯಲ್ಲಿ ಎದ್ದು ನಿಂತ.

“ಅದು ನನ್ನ ಸಂಸಾರ ಐತ್ರಿ,” ಎಂದ.

ಜನ ಗೊಳ್ಳೆಂದು ನಕ್ಕರು. ಆಗ ಶಮಶಾದಬಿ, ಊರಿನ ಸೂಲಗಿತ್ತಿ, ಎದ್ದಳು.

“ಹಲ್ಲು ಕಿಸೀಬ್ಯಾಡ್ರಿ! ನಿಮ್ಮ ಹೆಂಡ್ರು ಹಡೆದಾಗ ಅಂಟಿನ ಉಂಡಿ ತಿಂದ್ರಲಾ, ಆ ಅಂಟು ಎಲ್ಲಿ ದಿಂಡಲದ್ದು? ನೀವು ಕುಡಿಯೂ ನೀರು ಯಾರ ಪುಣ್ಯದ್ದು?”

ನಗು ನಿಂತಿತು. ಬಾವಿಯ ಹೊಲದವರು ಎದ್ದರು, ಕುರಿಗೆ ಅದೇ ಬಾವಿಯ ನೀರು ಕುಡಿಸುವ ಕುರುಬರೂ ಎದ್ದರು. ಕಲ್ಲು ಬೇರೆ ಕಡೆ ಹೋಯಿತು.

ಊರು ಗುಡ್ಡಕ್ಕೆ ತಂತಿಬೇಲಿ ಹಾಕಿಸಿತು. ವರ್ಷಕ್ಕೊಮ್ಮೆ ಅಂಟು, ಹಣ್ಣು ಆರಿಸಲು ಗೇಟು ತೆಗೆಯುವುದೆಂದಾಯಿತು. ಕಾಯಲು ಬೇರೆ ಊರಿನ ಶ್ರೀಶೈಲನನ್ನು ಇಟ್ಟರು. ಮಲಕಪ್ಪನಿಗೆ ಒಂದು ಮಾತು ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಕಾವಲು ಶುರುವಾದ ದಿನ ಬೆಳಿಗ್ಗೆ ಅವನು ಬಂದಾಗ ಗೇಟಿಗೆ ಕೀಲಿ ಬಿದ್ದಿತ್ತು.

“ಒಳಗ ಯಾರನ್ನೂ ಬಿಡಬ್ಯಾಡ ಅಂದಾರ್ರಿ ಅಜ್ಜಾರ,” ಎಂದ ಶ್ರೀಶೈಲ. ಮುದುಕನ ಮುಖ ನೋಡಿ ಅವನ ಮನಸ್ಸು ಕರಗಿತು, ಕೀಲಿಕೈ ತೆಗೆದ. “ಇರ್ಲಿ, ನೀವೊಬ್ರು ಹೋಗಿ ಬರ್ರಿ.”

ಮಲಕಪ್ಪ ಕೈ ಅಡ್ಡ ಹಿಡಿದ.

“ಬ್ಯಾಡ ತಮ್ಮಾ. ಇವತ್ತ ನನ್ನ ಬಿಟ್ರ, ನಾಳೆ ಕೊಡಲಿ ಹಿಡಿದಾಂವನೂ ಬರ್ತಾನ. ಹಾಕು ಕೀಲಿ.”