ಮೈಕ್ರೋಮೀಟರಿಗೆ ಹಚ್ಚಿದ ವಿಭೂತಿ

ರಾಕೆಟ್ಟಿಗೆ ಸುರಿಯುವ ದುಡ್ಡೆಲ್ಲ ದಂಡ ಎಂದು ನಾನು ಹೇಳಿಕೊಂಡು ಓಡಾಡುತ್ತಿದ್ದ ದಿನಗಳವು. ದಾವಣಗೆರೆಯ ಆನೆಕೊಂಡದಲ್ಲಿ ನಮ್ಮ ಮನೆ. ಓಣಿಯ ನಲ್ಲಿಗೆ ನೀರು ಬರುವುದು ವಾರಕ್ಕೊಮ್ಮೆ, ಅದೂ ಯಾವ ಹೊತ್ತಿಗೆ ಎಂದು ಯಾರಿಗೂ ಗೊತ್ತಿರುವುದಿಲ್ಲ. ಚಂದ್ರನ ಮೇಲೆ ನೀರು ಹುಡುಕುವವರು ಮೊದಲು ನಮ್ಮ ಓಣಿಗೆ ಬಂದು ಹುಡುಕಲಿ ಎಂದರೆ ಬಸ್ಸಿನಲ್ಲಿ ಪಕ್ಕದವರು ನಗುತ್ತಿದ್ದರು. ನನಗೆ ಮಾತ್ರ ನಗು ಬರುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಆ ಬಸ್ಸು ಹಿಡಿದು ಹರಿಹರಕ್ಕೆ ಹೋಗುತ್ತಿದ್ದೆ. ಅಲ್ಲಿನ ಒಂದು ಸಣ್ಣ ಲೇತ್ ವರ್ಕ್‌ಶಾಪಿನಲ್ಲಿ, ತಯಾರಾದ ಮಾಲನ್ನು ಅಳೆದು ಪಾಸು ಮಾಡುವುದು ನನ್ನ ಕೆಲಸ. ಆರು ಗಂಡಸರ ನಡುವೆ ಒಬ್ಬಳೇ ಹೆಂಗಸು, ಮಾತಿಗೆ ಮೊದಲೇ ಸಿಡುಕುವ ಸ್ವಭಾವ. ನನ್ನ ಜೊತೆ ವಾದಕ್ಕೆ ಇಳಿಯುವ ಧೈರ್ಯ ಇದ್ದದ್ದು ಒಬ್ಬರಿಗೇ, ಪಕ್ಕದ ಸಾರಥಿ ಹಳ್ಳಿಯಿಂದ ಸೈಕಲ್ ತುಳಿದುಕೊಂಡು ಬರುತ್ತಿದ್ದ, ಲೇತ್ ನಡೆಸುವ ಹಿರಿಯ ಟರ್ನರ್‌ಗೆ. ಹಣೆ ತುಂಬ ವಿಭೂತಿ, ಕಿವಿಯ ಮೇಲೆ ಪೆನ್ಸಿಲ್ಲು. ನಾನು ಅವರನ್ನು ಅಣ್ಣಾರು ಎನ್ನುತ್ತಿದ್ದೆ.

ಟೀ ಹೊತ್ತಿಗೆ ನಾನು ನಲ್ಲಿಯ ಮಾತು ತೆಗೆದರೆ ಅಣ್ಣಾರು ಮಳೆ ತಿಳಿಸುವ ಉಪಗ್ರಹದ ಮಾತು ತೆಗೆಯುತ್ತಿದ್ದರು. ಮಳೆ ಬರುತ್ತದೆಂದು ಮೊಬೈಲಿನಲ್ಲಿ ಎರಡು ದಿನ ಮುಂಚೆ ಗೊತ್ತಾಗಿ, ತಮ್ಮ ಗದ್ದೆಯಲ್ಲಿ ಕೊಯ್ದಿಟ್ಟ ಭತ್ತವನ್ನು ಒಳಗೆ ಸಾಗಿಸಿಕೊಂಡಿದ್ದರಂತೆ. ಅಂಥ ಉಪಗ್ರಹಕ್ಕೆ ನನ್ನ ತಕರಾರಿಲ್ಲ, ಚಂದ್ರನ ತನಕ ಹೋಗಿ ಮಣ್ಣು ನೋಡಿ ಬರುವುದು ಯಾರ ಹೊಟ್ಟೆ ತುಂಬಿಸಲಿಕ್ಕೆ ಎಂದು ಕೇಳುತ್ತಿದ್ದೆ.  ಅಣ್ಣಾರು ಲೋಟ ಕೆಳಗಿಟ್ಟು ಲೇತಿನ ಕಡೆ ನಡೆಯುತ್ತಿದ್ದರು. ವಾದ ಗೆದ್ದರೂ ನನಗೆ ಸಮಾಧಾನವಾಗುತ್ತಿರಲಿಲ್ಲ, ಮರುದಿನ ಮತ್ತೆ ಕೆದಕುತ್ತಿದ್ದೆ.

ಹಾಗಿರುವಾಗ, ದಸರೆಗೆ ಒಂದು ತಿಂಗಳಿದೆ ಎನ್ನುವಾಗ ಆ ಕೆಲಸ ಬಂತು. ಹೆಬ್ಬೆರಳಿನ ಗಾತ್ರದ, ಗಿಡ್ಡ ಕೊಳವೆಯಂಥ ಉಕ್ಕಿನ ಬುಶ್‌ಗಳು. ಹೇಳಿದ ಅಳತೆಗಿಂತ ಮಿಲಿಮೀಟರಿನ ನೂರನೇ ಒಂದು ಭಾಗವೂ ಹೆಚ್ಚಾಗಕೂಡದು. ಯಾರಿಗಾಗಿ ಎಂದು ಡ್ರಾಯಿಂಗಿನಲ್ಲಿ ಬರೆದಿರಲಿಲ್ಲ. ನಮಗೆ ಕೊಟ್ಟವರಿಗೆ ಇನ್ನೊಬ್ಬರು ಕೊಟ್ಟದ್ದು, ಅವರಿಗೆ ಮತ್ತೊಬ್ಬರು. ಕೊನೆಗೆ ಇದು ಹೋಗುವುದು ರಾಕೆಟ್ಟಿಗೆ ಎಂದು ವರ್ಕ್‌ಶಾಪಿನ ಸಾವ್ಕಾರ್ರು ಹೇಳಿದ್ದೇ ತಡ, ಅಣ್ಣಾರು ಚಪ್ಪಲಿ ಬಿಟ್ಟು ಲೇತಿನ ಮುಂದೆ ನಿಲ್ಲತೊಡಗಿದರು. ಕಬ್ಬಿಣದ ಚೂರು ಚುಚ್ಚುತ್ತದೆ ಎಂದು ನಾನೇ ಬೈದು ಮತ್ತೆ ಹಾಕಿಸಿದೆ. ಅವರಿಗೆ ಉಳಿದದ್ದು ಒಂದೇ ವರ್ಷದ ಕೆಲಸ. ಇಷ್ಟು ವರ್ಷ ಟ್ರ್ಯಾಕ್ಟರಿನ ಪಿನ್ನು, ಪಂಪಿನ ಶಾಫ್ಟು ಮಾಡಿದ ಕೈ ಕೊನೆಗೊಮ್ಮೆ ರಾಕೆಟ್ಟಿನ ಕೆಲಸ ಮಾಡುತ್ತಿದೆ ಎಂದು ಸಾರಥಿಯಲ್ಲಿ ಮನೆಮನೆಗೂ ಹೇಳಿ ಬಂದಿದ್ದರು.

ಆಯುಧಪೂಜೆಯ ದಿನ ಲೇತಿನಿಂದ ಸ್ಪ್ಯಾನರ್ ತನಕ ಎಲ್ಲಕ್ಕೂ ಅವರೇ ವಿಭೂತಿ ಹಚ್ಚಿದರು. ನನ್ನ ಮೈಕ್ರೋಮೀಟರಿಗೂ. ಕುದುರೆ ಲಾಳದಂತೆ ಬಾಗಿದ ಆ ಸಾಧನ, ತನ್ನ ಎರಡು ದವಡೆಗಳ ನಡುವೆ ವಸ್ತುವನ್ನು ಹಿಡಿದು ಅಳತೆ ಹೇಳುತ್ತದೆ. ಅದರ ಮುಖ ಎಂದರೆ ದವಡೆಯೇ ಎಂದುಕೊಂಡು, ರಾಕೆಟ್ಟಿನ ಕೆಲಸ ಮಾಡಿದ್ದಕ್ಕೆ ಮರ್ಯಾದೆ ಎಂದು, ಅಲ್ಲಿಗೇ ನೀರಲ್ಲಿ ಕಲಸಿದ ವಿಭೂತಿ ಮುಟ್ಟಿಸಿದ್ದಾರೆ, ಅದು ನನಗೆ ಆಗ ತಿಳಿಯಲಿಲ್ಲ. ಪೂಜೆಯ ವಿಭೂತಿಯನ್ನು ನಮ್ಮ ವರ್ಕ್‌ಶಾಪಿನಲ್ಲಿ ಯಾರೂ ಒರೆಸುವುದಿಲ್ಲ, ಅದು ತಾನಾಗಿ ಉದುರಬೇಕು.

ರಜೆ ಮುಗಿದು ಬಂದವಳು ದವಡೆ ಮುಚ್ಚಿ ನೋಡಿದೆ. ಸೊನ್ನೆ ಇರಬೇಕಾದಲ್ಲಿ ಒಂದು ಗೆರೆ, ಅಂದರೆ ಮಿಲಿಮೀಟರಿನ ನೂರನೇ ಒಂದು ಭಾಗ, ಹೆಚ್ಚು. ಯಾರೋ ಬೀಳಿಸಿರಬೇಕು ಎಂದು ಗೊಣಗಿಕೊಂಡು, ತಿರುಗಿಸಿ ಸೊನ್ನೆಗೆ ತಂದೆ. ದವಡೆಯನ್ನು ಒಮ್ಮೆ ಒರೆಸಿ ನೋಡಬೇಕಿತ್ತು, ನೋಡಲಿಲ್ಲ. ಹಿಂದಿನ ದಿನವೆಲ್ಲ ನೀರಿಗೆ ಕಾದು ತಲೆ ಕೆಟ್ಟಿತ್ತು. ದಂಡದ ಕೆಲಸಕ್ಕೆ ಇಷ್ಟು ಸಾಕು ಎಂಬ ಉದಾಸೀನವೂ ಇತ್ತು, ಅದನ್ನು ಈಗ ಮುಚ್ಚಿಡುವುದಿಲ್ಲ. ಕೊನೆಯ ಕಂತಿನ ಬುಶ್‌ಗಳನ್ನೆಲ್ಲ ಅಂದೇ ಅಳೆದು ಸಹಿ ಹಾಕಿದೆ. ಸಂಜೆ ಡಬ್ಬಿ ದಾವಣಗೆರೆಯ ಲಾರಿ ಆಫೀಸಿಗೆ ಹೋಯಿತು.

ಮರುದಿನ ಬೆಳಿಗ್ಗೆ ಮತ್ತೆ ದವಡೆ ಮುಚ್ಚಿದರೆ ಒಂದು ಗೆರೆ ಕಡಿಮೆ. ಅಂಚಿನಲ್ಲಿ ಬೆಳ್ಳಗೆ ಪುಡಿ. ವಿಭೂತಿಯ ಪದರವನ್ನೇ ಸೊನ್ನೆ ಎಂದು ಒಪ್ಪಿಕೊಂಡಿದ್ದೆ. ಬುಶ್‌ಗಳು ಉಜ್ಜಿ ಪದರ ಸವೆದ ಮೇಲೆ, ಒಂದು ಗೆರೆ ದಪ್ಪಗಿದ್ದದ್ದೂ ಸರಿ ಎಂದೇ ಕಂಡಿದೆ. 

ಅರ್ಧ ಗಂಟೆ ಯಾರಿಗೂ ಹೇಳದೆ ಅಲ್ಲಿಂದಿಲ್ಲಿಗೆ ಓಡಾಡಿದೆ. ಕೂತಲ್ಲಿ ಕೂರಲಾಗಲಿಲ್ಲ. ಹೇಗೂ ದಂಡ ಎಂದವಳು ನಾನೇ, ಇನ್ನು ಬೆವರುವುದೇಕೆ ಎಂದು ನನ್ನನ್ನೇ ಬೈದುಕೊಂಡೆ. ಅದಕ್ಕೂ ಬೆವರು ನಿಲ್ಲಲಿಲ್ಲ. ನಾನು ಬಾಯಿ ಬಿಟ್ಟರೆ ಬೈಗುಳ ಬೀಳುವುದು ಅಣ್ಣಾರಿಗೆ, ಬಿಡದಿದ್ದರೆ ಅವರ ಕೈಯ ಕೆಲಸವೇ ಸುಳ್ಳಾಗಿ ಹೋಗುತ್ತದೆ. ಕೊನೆಗೆ ಮೊದಲು ಅವರಿಗೇ ಹೇಳಿದೆ. ಅವರು ಮೈಕ್ರೋಮೀಟರನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಖ ಸಣ್ಣದಾಯಿತು. ಅದನ್ನು ಕೈಯಲ್ಲಿ ಹಿಡಿದೇ ಸಾವ್ಕಾರ್ರ ಕೋಣೆಗೆ ನಡೆದರು. ನಾನು ಹಿಂದೆಯೇ ಹೋದೆ.

ಸಾವ್ಕಾರ್ರು ಕೂಗಾಡಲಿಲ್ಲ. ಕೂದಲೆಳೆಯ ಐದನೇ ಒಂದು ಭಾಗವೂ ಇಲ್ಲದ ವ್ಯತ್ಯಾಸ, ಅಲ್ಲಿ ಯಾರು ನೋಡುತ್ತಾರೆ, ನಡೀತೈತೆ ಬಿಡಿ ಎಂದರು. ಮಾಲು ತಡವಾದರೆ ಮುಂದಿನ ಕೆಲಸ ಸಿಗುವುದಿಲ್ಲ ಎಂದೂ ಸೇರಿಸಿದರು. ಆ ಮಾತು ಸುಳ್ಳಲ್ಲ ಎಂದು ಮೂವರಿಗೂ ಗೊತ್ತಿತ್ತು.

ಅಣ್ಣಾರು ಟೇಬಲ್ಲಿನ ಅಂಚು ಹಿಡಿದು ನಿಂತಿದ್ದರು. "ವಿಭೂತಿ ಹಚ್ಚಿದಾವ ನಾನು ಸಾವ್ಕಾರ್ರೆ. ಟ್ರ್ಯಾಕ್ಟರ್ ಪಿನ್ನಿಗೆ ನಡೀತೈತೆ ಅಂತ ಎಷ್ಟೋ ಸಲ ಬಿಟ್ಟೀನಿ. ಇದಕ್ಕ ಬ್ಯಾಡ್ರಿ. ಡಬ್ಬಿ ತರಸ್ರಿ."

ಪಾಸು ಮಾಡಿದವಳು ನಾನು, ತಪ್ಪು ನನ್ನದು ಎಂದು ನಾನೂ ಹೇಳಿದೆ. ಸಾವ್ಕಾರ್ರು ಇಬ್ಬರ ಮುಖವನ್ನೂ ನೋಡಿ, ಹೋಗಿ ತಗೊಂಡು ಬರ್ರಿ ಎಂದು ಕೈ ಬೀಸಿದರು.

ನಾವಿಬ್ಬರೂ ಹೋದಾಗ ಲಾರಿ ಇನ್ನೂ ಹೊರಟಿರಲಿಲ್ಲ. ಡಬ್ಬಿ ಬಿಡಿಸಿಕೊಂಡು ದಾವಣಗೆರೆಯಿಂದ ಹರಿಹರಕ್ಕೆ ವಾಪಸು ಬಸ್ಸು ಹತ್ತಿದೆವು. ಡಬ್ಬಿ ನನ್ನ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ನನಗೆ ಸಿಟ್ಟು. ಯಾರ ಮೇಲೆ ಎಂದು ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹರಿಹರದ ಒಂದು ಮೂಲೆಯಲ್ಲಿ ಕೂತ ನನ್ನಿಂದ ಮಿಲಿಮೀಟರಿನ ನೂರನೇ ಭಾಗದ ಲೆಕ್ಕ ಕೇಳುವ ಈ ದೇಶ, ನನ್ನ ನಲ್ಲಿಗೆ ಯಾವ ದಿನ ನೀರು ಬರುತ್ತದೆ ಎಂದು ಹೇಳಲಾರದು. ಇಷ್ಟು ದಿನ ರಾಕೆಟ್ಟಿನ ಕಡೆಯಿಂದ ಕಿತ್ತು ನಲ್ಲಿಗೆ ಕೊಡಿ ಎಂದು ವಾದಿಸಿದ್ದೆ. ಕಿತ್ತು ಕೊಡಬೇಕಾದದ್ದು ದುಡ್ಡೊಂದೇ ಅಲ್ಲ ಎನಿಸಿತು. ಈ ಕಟ್ಟುನಿಟ್ಟು ರಾಕೆಟ್ಟಿಗೆ ಮಾತ್ರ ಯಾಕೆ, ನಲ್ಲಿಗೆ ಯಾಕಿಲ್ಲ? ಅಣ್ಣಾರಿಗೆ ಇದನ್ನೇ ಹೇಳಿದೆ.

ಅವರು, "ಎಲ್ಲ್ಯಾರ ಒಂದು ಕಡೆ ಇರ್ಲಿ ತಂಗಿ. ಒಂದು ಕಡೆನೂ ಇಲ್ದಿದ್ರ, ಹಿಂಗೂ ಇರ್ತೈತೆ ಅಂತ ನಮಗ ಹೆಂಗೆ ತಿಳೀತಿತ್ತು?" ಎಂದರು.

ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಆದರೆ ಮೊದಲ ಸಲ, ಮರುದಿನ ಟೀ ಹೊತ್ತಿಗೆ ನಾನು ಆ ಮಾತು ಕೆದಕಲಿಲ್ಲ.

ದವಡೆ ಒರೆಸಿ ಎಲ್ಲವನ್ನೂ ಮತ್ತೆ ಅಳೆದೆ. ಹನ್ನೊಂದು ಬುಶ್‌ಗಳು ದಪ್ಪಗಿದ್ದವು. ಅಣ್ಣಾರು ಒಂದೊಂದನ್ನೇ ಲೇತಿಗೆ ಹಾಕಿ, ಉಜ್ಜುವ ಎಮೆರಿ ಕಾಗದ ಹಿಡಿದು, ಉಸಿರು ಬಿಗಿಹಿಡಿದು ಒಂದು ಗೆರೆಯಷ್ಟು ಇಳಿಸಿದರು. ಡಬ್ಬಿ ಎರಡು ದಿನ ತಡವಾಗಿ ಹೋಯಿತು. ಸಾವ್ಕಾರ್ರು ಹೇಳಿದಂತೆಯೇ ಅಂಥ ಕೆಲಸ ನಮಗೆ ಮತ್ತೆ ಬರಲಿಲ್ಲ, ಮತ್ತೆ ಟ್ರ್ಯಾಕ್ಟರಿನ ಪಿನ್ನೇ ಗತಿಯಾಯಿತು. ಸಾವ್ಕಾರ್ರು ಒಂದು ತಿಂಗಳು ನನ್ನ ಜೊತೆ ನೆಟ್ಟಗೆ ಮಾತಾಡಲಿಲ್ಲ.

ಅಣ್ಣಾರು ಕೆಲಸ ಬಿಟ್ಟ ವರ್ಷ, ಒಂದು ಭಾನುವಾರ ಮಧ್ಯಾಹ್ನ, ಟಿವಿಯಲ್ಲಿ ರಾಕೆಟ್ ಹಾರಿಸುವುದನ್ನು ತೋರಿಸುತ್ತಿದ್ದರು. ಎಣಿಕೆ ಶುರುವಾಗುವ ಹೊತ್ತಿಗೆ ಸರಿಯಾಗಿ ನಲ್ಲಿ ಬಂತು. ಎದ್ದು ಓಡಿದೆ. ಹೊರಗೆ ಬಕೆಟ್ ಇಟ್ಟು ಒಳಗೆ ಇಣುಕುವುದು, ಒಳಗೆ ಇಣುಕಿ ಹೊರಗೆ ಓಡುವುದು. ಅದು ಮೇಲೇರಿದ್ದನ್ನು ನಾನು ನೋಡಲಿಲ್ಲ, ಅಕ್ಕಪಕ್ಕದ ಮನೆಗಳ ಚಪ್ಪಾಳೆ ಕೇಳಿಸಿತು. ಅಷ್ಟರಲ್ಲಿ ಸಾರಥಿಯಿಂದ ಫೋನು.

"ನಮ್ಮ ಬುಶ್ ಅದರಾಗ ಐತೋ ಇಲ್ಲೋ ಯಾರಿಗೆ ಗೊತ್ತು ತಂಗಿ," ಎಂದರು ಅಣ್ಣಾರು. "ಇದ್ರ, ಸರಿ ಐತೆ."

 ಬಕೆಟ್ ತುಂಬಿ ನೀರು ಬೀದಿಗೆ ಹರಿಯುತ್ತಿತ್ತು. ವಾರಕ್ಕೊಮ್ಮೆ ಬರುವ ನೀರು. ಟಿವಿಯ ಮುಂದೆ ಕೂತಿದ್ದ ನಮ್ಮ ಅತ್ತೆ ಒಳಗಿನಿಂದ ಕರೆಯುತ್ತಲೇ ಇದ್ದರು.

"ಸರಿ ಐತೆ ಅಣ್ಣಾರೆ, ಎರಡು ಸಲ ಅಳೆದೀನಿ," ಎಂದು ಹೇಳಿ, ಆಮೇಲೆ ಬಕೆಟ್ ಬದಲಿಸಿದೆ.