ಅತ್ತೆಯವರಿಗೆ ಬಿದ್ದ ಎರಡನೇ ಮತಗಳು

ನಮ್ಮ ಅತ್ತೆ ಚುನಾವಣೆಗೆ ನಿಲ್ಲುತ್ತೇನೆಂದು ಹೇಳಿದ್ದು ಒಂದು ಭಾನುವಾರ ಬೆಳಿಗ್ಗೆ, ದೋಸೆ ಹಾಕುತ್ತಾ. ಹೆಂಡತಿಯ ಪ್ರಕಾರ ಅದು ಶನಿವಾರ, ಮತ್ತು ದೋಸೆ ಹಾಕುತ್ತಿದ್ದವನು ನಾನು. ಇಂಥ ವಿಷಯಗಳಲ್ಲಿ ನನ್ನ ನೆನಪಿನ ಮೇಲೆ ನನಗೇ ಭರವಸೆಯಿಲ್ಲ. ವಿಶ್ವವಿದ್ಯಾಲಯದಲ್ಲಿ ಆರು ವರ್ಷ ಸಂಖ್ಯಾಶಾಸ್ತ್ರ ಓದಿದ್ದರ ಫಲವೋ ಏನೋ, ಒಂದೇ ಸಾಕ್ಷಿಯ ಮಾತನ್ನು ನಾನು ನಂಬುವುದಿಲ್ಲ; ಆ ಸಾಕ್ಷಿ ನಾನೇ ಆಗಿದ್ದರಂತೂ ಇನ್ನೂ ಅನುಮಾನ. ಆದರೆ ಅವರು ಆಡಿದ ಮಾತಿನ ಬಗ್ಗೆ ಮನೆಯಲ್ಲಿ ಭಿನ್ನಾಭಿಪ್ರಾಯವಿಲ್ಲ.

"ಅಳಿಯಂದ್ರೇ, ಆ ಹೆಲ್ತ್ ಸೆಂಟರ್ ಬೋರ್ಡಿಗೆ ಮೆಂಬರ್ ಆದೋರು ಯಾರು ಬೇಕಾದ್ರೂ ನಿಲ್ಬೋದಂತೆ. ನಾನು ನಿಲ್ತೀನಿ."

ಅತ್ತೆ ಮೈಸೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಅವರು ವಾರ್ಡಿಗೆ ಬರುತ್ತಿದ್ದಾರೆಂದು ಗೊತ್ತಾದರೆ ಡಾಕ್ಟರುಗಳೂ ಚಪ್ಪಲಿ ಸರಿಯಾಗಿ ಜೋಡಿಸುತ್ತಿದ್ದರಂತೆ. ಮೆಲ್ಬರ್ನಿಗೆ ಬಂದ ಎಂಟು ವರ್ಷಗಳಲ್ಲಿ ಅವರ ಆಡಳಿತಕ್ಕೆ ಸಿಕ್ಕಿದ್ದು ಎರಡು ಲಂಚ್ ಬಾಕ್ಸ್ ಮತ್ತು ಇಬ್ಬರು ಮೊಮ್ಮಕ್ಕಳು. ಆ ಮೊಮ್ಮಕ್ಕಳೂ ಕನ್ನಡದಲ್ಲಿ ಹೇಳಿದ್ದನ್ನೆಲ್ಲ ಅರ್ಥಮಾಡಿಕೊಂಡು "ಲೇಟರ್, ಅಜ್ಜಿ" ಎಂದು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದರು.

ಅವರ ಮಂಡಿನೋವಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರದಲ್ಲಿ ವ್ಯಾಯಾಮದ ತರಗತಿ ಇತ್ತು. ಅದು ಬೆಳಿಗ್ಗೆ ಒಂಬತ್ತಕ್ಕೆ. ನಾವಿರುವ ಪಾಯಿಂಟ್ ಕುಕ್ ಬಡಾವಣೆಯ ನಮ್ಮ ಕಡೆಯ ಅಜ್ಜ ಅಜ್ಜಿಯರೆಲ್ಲ ಆ ಹೊತ್ತಿಗೆ ಶಾಲೆಯ ಗೇಟಿನ ಮುಂದೆ ಮೊಮ್ಮಕ್ಕಳ ಬ್ಯಾಗು ಹಿಡಿದು ನಿಂತಿರುತ್ತಾರೆ. ಅಲ್ಲಿಂದ ಕೇಂದ್ರಕ್ಕೆ ಕಾರಿನಲ್ಲಿ ಇಪ್ಪತ್ತು ನಿಮಿಷ. ಹೀಗಾಗಿ ಮಂಡಿನೋವಿದ್ದವರೆಲ್ಲ ಗೇಟಿನ ಹತ್ತಿರ, ತರಗತಿಯಲ್ಲಿ ಖಾಲಿ ಕುರ್ಚಿಗಳು.

"ಟೈಮ್ ಟೇಬಲ್ ಮಾಡೋದು ಬೋರ್ಡಿನ ಕೆಲಸ ಅಲ್ಲ, ಅತ್ತೆ," ಎಂದೆ. "ಅವರು ನೀತಿ, ಯೋಜನೆ ಅಂತ ನೋಡ್ತಾರೆ."

"ಬರೋರು ಯಾಕೆ ಬರ್ತಿಲ್ಲ ಅಂತ ನೋಡೋದು ಯಾವ ನೀತಿಗೆ ಸೇರುತ್ತೆ?"

 

ದೊಡ್ಡ ಆಸ್ಪತ್ರೆಗಳ ಮಂಡಳಿಗಳನ್ನು ಇಲ್ಲಿ ಸರ್ಕಾರವೇ ನೇಮಿಸುತ್ತದೆ. ನಮ್ಮ ಕೇಂದ್ರದಂಥ ಕೆಲವು ಕಡೆ ಮಾತ್ರ ಸುತ್ತಲಿನ ಜನ ಸದಸ್ಯರಾಗಿ, ವಾರ್ಷಿಕ ಸಭೆಯಲ್ಲಿ ಮತ ಹಾಕಿ ತಮ್ಮವರನ್ನು ಕಳಿಸಬಹುದು. ಆ ವರ್ಷ ಖಾಲಿಯಿದ್ದದ್ದು ಒಂದೇ ಸ್ಥಾನ. ನಿಂತವರು ನಾಲ್ವರು: ಆಗಲೇ ಮಂಡಳಿಯಲ್ಲಿದ್ದ ನಿವೃತ್ತ ಮುಖ್ಯೋಪಾಧ್ಯಾಯಿನಿ, ಒಬ್ಬ ತರುಣ ವಕೀಲ, ಮಾಲ್ಟಾ ದ್ವೀಪದಿಂದ ಹುಡುಗನಾಗಿದ್ದಾಗಲೇ ಬಂದು ಜೀವಮಾನವಿಡೀ ಟ್ರಾಮ್ ಓಡಿಸಿದ ಒಬ್ಬ ಹಿರಿಯರು, ಮತ್ತು ನಮ್ಮ ಅತ್ತೆ. ಅತ್ತೆ ಆ ಹಿರಿಯರನ್ನು ಕೊನೆಯವರೆಗೂ "ಟ್ರಾಮ್ ಯಜಮಾನ್ರು" ಎಂದೇ ಕರೆದರು.

ಸುದ್ದಿ ಕೇಳಿ ಅತ್ತೆಯ ತಮ್ಮ, ನಮ್ಮೆಲ್ಲರ ಮಾಮ, ಸಿಡ್ನಿಯಿಂದ ವಿಮಾನ ಹತ್ತಿ ಬಂದುಬಿಟ್ಟರು. ಅಲ್ಲಿನ ಕ್ವೇಕರ್ಸ್ ಹಿಲ್‌ನಲ್ಲಿ ಅವರ ಮನೆ. ನಾನು ಅದೇ ಊರಿನ ಮ್ಯಾಕ್ವೆರಿ ಪಾರ್ಕ್‌ನಲ್ಲಿ ಕೆಲಸದಲ್ಲಿದ್ದ ನಾಲ್ಕು ವರ್ಷ ಅವರ ಮನೆಯ ಊಟ ಬಹಳ ಮಾಡಿದ್ದೇನೆ; ನಾನು ಬೇಸರ ಬಂದು ಕೆಲಸವನ್ನೂ ಊರನ್ನೂ ಬದಲಾಯಿಸಿದಾಗ ಅವರು "ಕಾಲಲ್ಲಿ ಚಕ್ರ ಇದೆ ಇವನಿಗೆ" ಎಂದು ಬೀಳ್ಕೊಟ್ಟಿದ್ದರು. ಸಿಡ್ನಿಯಲ್ಲಿ ಅವರು ಕಟ್ಟಿ ಬೆಳೆಸಿದ ಕನ್ನಡಿಗರ ಕೂಟವೊಂದಿದೆ. ಅದರಲ್ಲಿ ಇವತ್ತಿನವರೆಗೆ ಒಮ್ಮೆಯೂ ಮತದಾನ ನಡೆದಿಲ್ಲವೆಂಬುದು ಅವರ ಹೆಮ್ಮೆ. ಎಲ್ಲವೂ ಅವಿರೋಧ ಆಯ್ಕೆ. ಇಬ್ಬರು ನಿಂತರೆ ಒಬ್ಬರ ಮನೆಗೆ ಹೋಗಿ ಕಾಫಿ ಕುಡಿದು, "ಮುಂದಿನ ಸಲ ನಿಮಗೇ" ಎಂದು ಹೇಳಿ, ಸೋಲುವ ಅವಮಾನ ಯಾರಿಗೂ ಆಗದಂತೆ ಮುಗಿಸಿಬಿಡುತ್ತಾರೆ.

"ಅಕ್ಕ, ನಾಲ್ಕು ಜನ ಕಚ್ಚಾಡೋದು ಚೆನ್ನಾಗಿರಲ್ಲ," ಎಂದರು ಮಾಮ. "ಆ ಟ್ರಾಮ್‌ನೋರನ್ನ ಮೊದಲು ನಾಮಿನೇಷನ್ ವಾಪಸ್ ತಗೊಳ್ಳೋಕೆ ಕೇಳೋಣ. ಒಂದು ಡಬ್ಬ ಮೈಸೂರು ಪಾಕ್ ಮಾಡು."

"ಮೈಸೂರು ಪಾಕ್ ಮಾಡ್ತೀನಿ. ವಾಪಸ್ ತಗೊಳ್ಳಿ ಅಂತ ನಾನು ಕೇಳಲ್ಲ."

"ನೀನು ಕೇಳ್ಬೇಡ. ನಾನಿದೀನಲ್ಲ."

ಹೀಗೆ ಮೂವರೂ ಹೊರಟೆವು, ನಾನು ಡ್ರೈವರ್. ಟ್ರಾಮ್ ಯಜಮಾನರ ಮನೆಯ ಮುಂದೆ ನಿಂಬೆ ಗಿಡವಿತ್ತು. ಬಾಗಿಲು ತೆರೆದವರು ನಮ್ಮನ್ನು ನೋಡಿ, ಬಂದ ಕಾರಣವನ್ನೂ ಕೇಳದೆ ಒಳಗೆ ಕರೆದು ಕೂರಿಸಿದರು. ಮುಂದಿನ ಮಾತೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. ಮಾಮ ಗಂಟಲು ಸರಿಮಾಡಿಕೊಂಡು, ನಮ್ಮ ಸಮುದಾಯದಲ್ಲಿ ಸ್ಪರ್ಧೆ ಆದಷ್ಟೂ ಇಲ್ಲದಂತೆ ನೋಡಿಕೊಳ್ಳುತ್ತೇವೆ, ಎಲ್ಲರೂ ಸೇರಿ ಒಬ್ಬರನ್ನು ಒಪ್ಪಿಕೊಳ್ಳುತ್ತೇವೆ ಎಂದು ಶುರುಮಾಡಿದರು.

ಯಜಮಾನರು ಮೈಸೂರು ಪಾಕಿನ ಎರಡನೇ ತುಂಡನ್ನು ತೆಗೆದುಕೊಳ್ಳುತ್ತಾ ಕೇಳಿದರು: "ಹಾಗಾದರೆ ಜನ ಯಾರ ನಡುವೆ ಆರಿಸಬೇಕು?"

ಮಾಮ ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆಯ ನಿಂಬೆ ಗಿಡ ನೋಡಿದೆ. ಅತ್ತೆಯಂತೂ ಆಗಲೇ ಬೇರೆ ಲೋಕದಲ್ಲಿದ್ದರು. ಅವರ ಕಣ್ಣು ಯಜಮಾನರು ಸ್ಟೂಲಿನ ಮೇಲೆ ಚಾಚಿದ್ದ ಕಾಲಿನ ಮೇಲಿತ್ತು. ಅಲ್ಲಿ ಒಂದು ಬ್ಯಾಂಡೇಜು.

"ಡಯಾಬಿಟೀಸ್?" ಎಂದರು ಅತ್ತೆ.

ಹೌದೆಂದರು.

"ಎಷ್ಟು ದಿನದಿಂದ ಈ ಗಾಯ?"

ಎರಡು ವಾರವೆಂದರು. ಅತ್ತೆ ಮೈಸೂರು ಪಾಕಿನ ಡಬ್ಬವನ್ನು ಅವರ ಕೈಗೆ ಎಟುಕದಷ್ಟು ದೂರ ಸರಿಸಿ, ಕೈ ತೊಳೆದು ಬಂದು, ಬ್ಯಾಂಡೇಜು ಬಿಚ್ಚಿ ನೋಡಿದರು. ನಾಳೆಯೇ ಕೇಂದ್ರದ ಪಾದ ಚಿಕಿತ್ಸಕರ ಹತ್ತಿರ ಹೋಗಬೇಕೆಂದರು. ನಾಳೆ ಆಗದು, ಮನೆ ಮನೆಗೆ ಪ್ರಚಾರಕ್ಕೆ ಹೋಗಬೇಕು ಎಂದು ಯಜಮಾನರು ಹೇಳಿದಾಗ, ಈ ಕಾಲಿನಲ್ಲಿ ಒಂದು ಮೆಟ್ಟಿಲೂ ಹತ್ತಕೂಡದು ಎಂದರು. ಹೀಗೆ ಎದುರಾಳಿಯ ಪ್ರಚಾರವನ್ನು ನಿಲ್ಲಿಸಿದ ಮೊದಲ ಅಭ್ಯರ್ಥಿ ಇವರೇ ಇರಬೇಕೆಂದು ನಾನು ಅಂದುಕೊಂಡೆ.

ಯಜಮಾನರು ಬಹಳ ಹೊತ್ತು ನಕ್ಕರು. ನಂತರ ಒಂದು ಮಾತು ಹೇಳಿದರು. ಮತ ಚೀಟಿಯಲ್ಲಿ ನಾಲ್ಕು ಹೆಸರು, ಹೆಸರಿನ ಮುಂದೆ ಒಂದೊಂದು ಚೌಕ. ಇಷ್ಟವಾದವರಿಗೆ ಒಂದು, ಅವರಿಲ್ಲದಿದ್ದರೆ ಯಾರು ಎಂಬುದಕ್ಕೆ ಎರಡು, ಹೀಗೆ ನಾಲ್ಕರವರೆಗೆ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಅತಿ ಕಡಿಮೆ ಮತ ಬಂದವರನ್ನು ಕೈಬಿಟ್ಟು, ಅವರ ಚೀಟಿಗಳನ್ನು ಎರಡನೇ ಹೆಸರಿಗೆ ಹಂಚುತ್ತಾರೆ. "ನಾನು ನಮ್ಮವರಿಗೆ ನಿಮ್ಮ ಹೆಸರಿನ ಮುಂದೆ ಎರಡು ಹಾಕಿ ಅನ್ನುತ್ತೇನೆ. ನೀವು ನಿಮ್ಮವರಿಗೆ ನನ್ನ ಹೆಸರಿನ ಮುಂದೆ ಎರಡು ಹಾಕಿಸಿ. ಯಾರೂ ವಾಪಸ್ ಹೋಗುವುದು ಬೇಡ." ಅತ್ತೆ ಒಪ್ಪಿದರು.

ಕಾರು ಫ್ರೀವೇ ಹತ್ತಿದ ಮೇಲೆ ಮಾಮ, "ನಮ್ಮ ಸಿಡ್ನೀಲಿ ಇದೆಲ್ಲ ತಲೆನೋವೇ ಇಲ್ಲ. ಹೆಲ್ತ್ ಬೋರ್ಡನ್ನ ಮಿನಿಸ್ಟರೇ ಮಾಡ್ತಾರೆ," ಎಂದರು.

"ಹಾಗಾದ್ರೆ ನಿಮ್ಮ ಮಿನಿಸ್ಟರಿಗೆ ಮೈಸೂರು ಪಾಕ್ ಕೊಡು ಹೋಗು," ಎಂದರು ಅತ್ತೆ.

ನಮ್ಮವರು ಎಂದರೆ ಪಾರ್ಕಿನಲ್ಲಿ ಸಂಜೆ ವಾಕಿಂಗ್ ಬರುವ ಇಪ್ಪತ್ತಾರು ಜನ. ಅವರೆಲ್ಲರನ್ನೂ ಅತ್ತೆ ಸದಸ್ಯರನ್ನಾಗಿ ಮಾಡಿದ್ದರು. ಅವರಿಗೆ ಮತ ಹಾಕುವ ಕ್ರಮ ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಬಾರ್ಬೆಕ್ಯೂ ಕಟ್ಟೆಯ ಪಕ್ಕ ನಿಂತು, "ನಾಲ್ಕೂ ಚೌಕ ತುಂಬಲೇಬೇಕು, ಒಂದು ಬಿಟ್ಟರೂ ಚೀಟಿ ಅಸಿಂಧು" ಎಂದು ನಾನು ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಗಾಳಿ ಬೀಸುತ್ತಿತ್ತು, ಒಬ್ಬ ಅಂಕಲ್ ಟೊಪ್ಪಿ ಹಿಡಿದುಕೊಂಡಿದ್ದರು. ಇಷ್ಟೆಲ್ಲ ನೆನಪಿದೆ.

ಸಭೆಯ ದಿನ ಪ್ರತಿ ಅಭ್ಯರ್ಥಿಯ ಕಡೆಯಿಂದ ಒಬ್ಬರು ಎಣಿಕೆ ನೋಡಲು ಕೂರಬಹುದಿತ್ತು. ಅತ್ತೆಯ ಕಡೆಯಿಂದ ನಾನು ಕೂತೆ. ಮುಟ್ಟುವಂತಿಲ್ಲ, ಮಾತಾಡುವಂತಿಲ್ಲ, ನೋಡಬೇಕಷ್ಟೆ. ಚುನಾವಣಾಧಿಕಾರಿ ಬೆರಳಿಗೆ ರಬ್ಬರಿನ ಟೊಪ್ಪಿ ಹಾಕಿಕೊಂಡ ಗಂಭೀರ ಹೆಂಗಸು. ಮೊದಲ ಚೀಟಿಗಳು ಸರಾಗವಾಗಿ ಹೋದವು. ಆಮೇಲೆ ಒಂದು ಚೀಟಿ ಬಂತು: ಅತ್ತೆಯ ಹೆಸರಿನ ಮುಂದೆ ದಪ್ಪಗೆ ಒಂದು, ಉಳಿದ ಮೂರು ಚೌಕ ಖಾಲಿ. ಅದು ಅಸಿಂಧು ರಾಶಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. ಮತ್ತೊಂದು. ಒಬ್ಬರಂತೂ ಅತ್ತೆಯ ಚೌಕದಲ್ಲಿ ಒಂದು ಬರೆದು ಅದರ ಸುತ್ತ ಹೂವಿನ ಬಳ್ಳಿ ಎಳೆದಿದ್ದರು. ಅದೂ ಅಸಿಂಧು. ಹನ್ನೊಂದರವರೆಗೆ ಎಣಿಸಿದೆ.

ನಡುವೆ ಒಂದು ಚೀಟಿಯನ್ನು ಅಧಿಕಾರಿ ಬೆಳಕಿಗೆ ಹಿಡಿದರು. ನಾಲ್ಕೂ ಸಂಖ್ಯೆಗಳು ಸರಿಯಾಗಿದ್ದವು, ಆದರೆ ಹಾಳೆಯ ನೆತ್ತಿಯ ಮೇಲೆ ಸುರುಳಿಯೊಂದು. ಪಿಳ್ಳಾರಿ ಸುಳಿ. ಕಾಗದ, ದಿನಸಿ ಪಟ್ಟಿ, ಪರೀಕ್ಷೆಯ ಉತ್ತರ ಪತ್ರಿಕೆ ಏನೇ ಬರೆದರೂ ಮೊದಲು ಗಣಪತಿಗೆ ಅದನ್ನು ಹಾಕಿಯೇ ಬರೆಯುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಇದು ಯಾರಾದರೂ ತಮ್ಮ ಗುರುತು ಬಿಟ್ಟಿದ್ದೇ ಎಂದು ಅವರು ನನ್ನನ್ನೇ ಕೇಳಿದರು. ಅಲ್ಲ, ಶುಭವಾಗಲಿ ಎಂದು ಆರಂಭಿಸುವ ಚಿಹ್ನೆ, ಅರ್ಧ ಊರು ಹಾಕುತ್ತದೆ ಎಂದೆ. ಅವರು ಬಹಳ ಹೊತ್ತು ನೋಡಿ, "ಶುಭ ಹಾರೈಸುವುದಕ್ಕೆ ಅಡ್ಡಿಯಿಲ್ಲ" ಎಂದು ಸಿಂಧು ರಾಶಿಗೆ ಹಾಕಿದರು.

ಅವತ್ತಿನ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟಿದ್ದೇನೆ, ಆದ್ದರಿಂದ ಈ ಭಾಗವನ್ನು ಓದುಗರು ನಂಬಬಹುದು. ಮುಖ್ಯೋಪಾಧ್ಯಾಯಿನಿಗೆ ಮೂವತ್ತೊಂದು, ಟ್ರಾಮ್ ಯಜಮಾನರಿಗೆ ಇಪ್ಪತ್ತೆರಡು, ಅತ್ತೆಗೆ ಹತ್ತೊಂಬತ್ತು, ವಕೀಲನಿಗೆ ಒಂಬತ್ತು. ಅತ್ತೆ ಮೂರನೆಯವರು. ದೂರದಲ್ಲಿ ಕೂತಿದ್ದ ಅವರು ನನ್ನತ್ತ ಹುಬ್ಬು ಹಾರಿಸಿದರು. ನಾನು ಮುಖವನ್ನು ಗೋಡೆಯಂತೆ ಮಾಡಿಕೊಂಡೆ.

ವಕೀಲನ ಒಂಬತ್ತು ಚೀಟಿ ಹಂಚಿದರು. ಅತ್ತೆಗೆ ಐದು ಬಂತು, ಮುಖ್ಯೋಪಾಧ್ಯಾಯಿನಿಗೆ ಮೂರು, ಯಜಮಾನರಿಗೆ ಒಂದೇ. ಈಗ ಅತ್ತೆ ಇಪ್ಪತ್ನಾಲ್ಕು, ಯಜಮಾನರು ಇಪ್ಪತ್ಮೂರು. ಒಂದೇ ಮತದಿಂದ ಯಜಮಾನರು ಹೊರಬಿದ್ದರು. ಅವರ ಚೀಟಿಗಳನ್ನು ಅಧಿಕಾರಿ ಒಂದೊಂದಾಗಿ ತಿರುಗಿಸಿದರು. ಎರಡು ಎಂಬ ಅಂಕಿ ಅತ್ತೆಯ ಹೆಸರಿನ ಮುಂದೆ. ಮತ್ತೆ ಅತ್ತೆ. ಮತ್ತೆ ಅತ್ತೆ. ವೃದ್ಧರ ನಡುಗುವ ಕೈಬರಹದ ಎರಡುಗಳು, ಹಂಸದ ಕುತ್ತಿಗೆಯಂಥ ಎರಡುಗಳು. ಹದಿನೆಂಟು ಅತ್ತೆಗೆ, ಐದು ಮುಖ್ಯೋಪಾಧ್ಯಾಯಿನಿಗೆ. ನಲವತ್ತೆರಡಕ್ಕೆ ಮೂವತ್ತೊಂಬತ್ತು.

ಫಲಿತಾಂಶ ಓದಿದಾಗ ನಮ್ಮ ಪಾರ್ಕಿನವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ ಕೂತಲ್ಲೇ ಕೂತು, ಸೆರಗನ್ನು ಸರಿಮಾಡಿಕೊಂಡು, ನನ್ನನ್ನು ಹತ್ತಿರ ಕರೆದರು.

"ನಮ್ಮೋರು ಇಪ್ಪತ್ತಾರು ಜನ. ನಂಗೆ ಹತ್ತೊಂಬತ್ತು ಹೇಗೆ ಬಂತು, ಅಳಿಯಂದ್ರೇ?"

ಹೇಳಿದೆ. ಪಕ್ಕದಲ್ಲಿದ್ದ ಆಂಟಿಯೊಬ್ಬರ ಮುಖ ಕೆಂಪಾಯಿತು. "ನಿಮಗೆ ಒಂದು ಹಾಕಿದ್ಮೇಲೆ ಇನ್ನೊಬ್ಬರಿಗೆ ಎರಡು ಹಾಕೋಕೆ ಮನಸ್ಸೇ ಬರ್ಲಿಲ್ಲ, ಅಕ್ಕ. ಊರಲ್ಲಿ ಒಬ್ರಿಗೆ ತಾನೆ ಒತ್ತೋದು? ನಿಮ್ಮ ಅಳಿಯಂದ್ರು ಎಲ್ಲ ತುಂಬಿ ಅಂತ ಹೇಳ್ಲೇ ಇಲ್ಲ."

"ಹೇಳಿದ್ದೆ. ಬಾರ್ಬೆಕ್ಯೂ ಹತ್ತಿರ," ಎಂದೆ.

"ನೀನು ಹೇಳಿದ್ದು ಮೂರು ಜನರ ಕಥೆ," ಎಂದಳು ಹೆಂಡತಿ. "ಒಬ್ಬ ಇನ್ನೊಬ್ಬನನ್ನ ಸೋಲಿಸ್ತಾನೆ, ಅವನು ಮೂರನೆಯವನನ್ನ ಸೋಲಿಸ್ತಾನೆ, ಮೂರನೆಯವನು ಮೊದಲನೆಯವನನ್ನ ಸೋಲಿಸ್ತಾನೆ, ಆದ್ರಿಂದ ಜನರಿಗೆ ಏನು ಬೇಕು ಅಂತ ಗಣಿತಕ್ಕೆ ಗೊತ್ತಾಗಲ್ಲ ಅಂತ. ಅರ್ಧ ಗಂಟೆ. ಕೊನೆಗೆ ಸೊಳ್ಳೆ ಬಂತು, ಎಲ್ಲ ಮನೆಗೆ ಹೋದ್ವಿ."

ಮತದಾನದ ಈ ವಿರೋಧಾಭಾಸ ನನ್ನ ಪ್ರಿಯವಾದ ವಿಷಯವೆಂಬುದು ನಿಜ. ಚೌಕದ ವಿಷಯವನ್ನೂ ಹೇಳಿದ್ದೆನೆಂದು ನಾನು ಇವತ್ತಿಗೂ ಪ್ರಮಾಣ ಮಾಡಬಲ್ಲೆ. ಆದರೆ ನನ್ನ ಪರವಾಗಿ ಒಂದು ಸಾಕ್ಷಿ, ನನ್ನ ವಿರುದ್ಧ ಹನ್ನೊಂದು ಚೀಟಿ. ಇಂಥ ಲೆಕ್ಕದಲ್ಲಿ ನಾನು ಬೇರೆಯವರಿಗೆ ಏನು ಹೇಳುತ್ತಿದ್ದೆನೋ ಅದನ್ನೇ ನನಗೂ ಹೇಳಿಕೊಳ್ಳಬೇಕಾಯಿತು.

ಅತ್ತೆ ಎದ್ದು ನೇರವಾಗಿ ಟ್ರಾಮ್ ಯಜಮಾನರ ಹತ್ತಿರ ಹೋದರು. ಅವರು ಟೀ ಹಿಡಿದು, ಕಾಲಿಗೆ ಹೊಸ ಬ್ಯಾಂಡೇಜು ಸುತ್ತಿಸಿಕೊಂಡು ಕೂತಿದ್ದರು. ನಿಮ್ಮವರು ಮಾತು ಉಳಿಸಿಕೊಂಡರು, ನಮ್ಮವರಲ್ಲಿ ಹನ್ನೊಂದು ಜನ ಉಳಿಸಿಕೊಳ್ಳಲಿಲ್ಲ ಎಂದು ಅತ್ತೆ ತಮ್ಮ ನೇರ ಇಂಗ್ಲಿಷಿನಲ್ಲಿ ಒಪ್ಪಿಸಿದರು. ಯಜಮಾನರು ತಲೆಯಾಡಿಸಿದರು. ನೀವು ನನಗಿಂತ ಮುಂದೆ ಉಳಿದಿರಿ, ಆದ್ದರಿಂದ ನಿಮ್ಮ ಚೀಟಿಗಳನ್ನು ಯಾರೂ ತಿರುಗಿಸಲೇ ಇಲ್ಲ; ಅವರು ಎರಡು ಹಾಕಿದ್ದರೂ ನನಗೆ ಬರುತ್ತಿರಲಿಲ್ಲ ಎಂದರು. ನಾನು ಅರ್ಧ ಗಂಟೆಯಲ್ಲಿ ಅರ್ಥಮಾಡಿಸಲಾಗದ್ದನ್ನು ಎರಡು ವಾಕ್ಯದಲ್ಲಿ ಮುಗಿಸಿ, ಅವರು ಎದ್ದು ಅತ್ತೆಯ ಕೈ ಕುಲುಕಿದರು. ಅಲ್ಲಿಯವರೆಗೂ ನಗದಿದ್ದ ಅತ್ತೆ ಆಗ ನಕ್ಕರು. ಮಾಮ ಫೋಟೋ ತೆಗೆದು ಕ್ವೇಕರ್ಸ್ ಹಿಲ್‌ಗೆ ಕಳಿಸಿ, ಕೆಳಗೆ "ಬಹುಮತದಿಂದ ಆಯ್ಕೆ" ಎಂದು ಬರೆದರು. ಅವಿರೋಧವೆನ್ನಲು ಅವರಿಗೂ ಧೈರ್ಯವಾಗಲಿಲ್ಲ.

ಹೊಸ ಸದಸ್ಯರಿಗೆ ಕೇಂದ್ರ ತೋರಿಸಲು ಕರೆದ ದಿನ ಅತ್ತೆ ವ್ಯಾಯಾಮ ತರಗತಿಯ ಮಾತೆತ್ತಿದರು. ಜೊತೆಯಲ್ಲಿದ್ದ ಕೇಂದ್ರದ ಹುಡುಗಿ, ಅದಕ್ಕೇನಂತೆ, ಸ್ವಾಗತ ಮೇಜಿನ ಮೇಲೆ ಸಲಹೆಯ ಫಾರಂ ಇದೆ, ಯಾರು ಬೇಕಾದರೂ ಕೊಡಬಹುದು ಎಂದಳಂತೆ. ತರಗತಿ ಎರಡು ವಾರದಲ್ಲಿ ಹತ್ತು ಗಂಟೆಗೆ ಬದಲಾಯಿತು.

"ನೋಡಿದ್ರಾ ಅತ್ತೆ," ಎಂದೆ ನಾನು. "ಇಷ್ಟಕ್ಕೆ ಎಲೆಕ್ಷನ್ನೇ ಬೇಕಿರ್ಲಿಲ್ಲ."

"ತರಗತಿಗೆ ಬೇಕಿರ್ಲಿಲ್ಲ," ಎಂದರು ಅವರು. "ನನಗೆ ಬೇಕಿತ್ತು."

ಮೊದಲ ಸಭೆ ಒಂದು ಗುರುವಾರ ಸಂಜೆ. ಕಾಗದಗಳ ದಪ್ಪ ಕಟ್ಟನ್ನು ಅವರು ಮೂರು ದಿನ ಮೊದಲೇ ಅಡಿಪಟ್ಟಿ ಹಿಡಿದು ಗೆರೆ ಎಳೆದು ಓದಿ ಮುಗಿಸಿದ್ದರು. ರೇಷ್ಮೆ ಸೀರೆ, ಮೇಲೆ ಕಾರ್ಡಿಗನ್, ಕಾಲಿಗೆ ವಾಕಿಂಗ್ ಶೂ. ಕೇಂದ್ರದ ಮುಂದೆ ಇಳಿಸಿ, ನಾನೂ ಒಳಗೆ ಬರಲೇ ಎಂದದ್ದಕ್ಕೆ, "ಯಾಕೆ, ಮೂರು ಜನರ ಕಥೆ ಹೇಳೋಕಾ?" ಎಂದು ಕಾರಿನ ಬಾಗಿಲು ಹಾಕಿ ಹೋದರು. ಏಳೂವರೆಗೆ ಅವರನ್ನು ಕರೆತರಲು ಹೊರಡಬೇಕೆನ್ನುವಾಗ ಫೋನ್ ಬಂತು.

"ಇನ್ನೂ ಐದು ವಿಷಯ ಇದೆ. ನನ್ನ ಯಾರೋ ಬಿಡ್ತಾರಂತೆ. ಸಾರು ಫ್ರಿಜ್‌ನಲ್ಲಿದೆ, ಬಿಸಿ ಮಾಡಿ ಬಡಿಸ್ಕೊಳ್ಳಿ. ನನಗೆ ಕಾಯ್ಬೇಡಿ."

ಹಿಂದೆ ಯಾರೋ ಜೋರಾಗಿ ನಗುತ್ತಿದ್ದರು. ಅವರೂ ನಗುತ್ತಲೇ ಫೋನ್ ಇಟ್ಟರು. ಮೇಜಿನ ಮೇಲೆ ಐದು ತಟ್ಟೆ ಹಾಕಿದ್ದ ಹೆಂಡತಿ ಒಂದನ್ನು ಎತ್ತಿ ಕಪಾಟಿನಲ್ಲಿಟ್ಟು, ಮಕ್ಕಳನ್ನು ಊಟಕ್ಕೆ ಕರೆದಳು.